ಅಂಜನಾದ್ರಿ, ನವಬೃಂದಾವನ ಒಂದೇ ದಿನದಲ್ಲಿ ಮುಗಿಸಲು ಬರುವವರೇ, ಸ್ವಲ್ಪ ನಿಲ್ಲಿ

ಶನಿವಾರ ಬೆಳಗ್ಗೆ ಹೊಸಪೇಟೆಯಲ್ಲಿ ರೈಲು ಇಳಿಯುವುದು, ಟ್ಯಾಕ್ಸಿ ಮಾಡುವುದು, ಮೊದಲು ಹಂಪಿ ವಿರೂಪಾಕ್ಷ, ಅಲ್ಲಿಂದ ಹಾಗೇ ನದಿ ದಾಟಿ ಆನೆಗೊಂದಿ ಬಳಿಯ ಹನುಮನ ಬೆಟ್ಟ ಅಂಜನಾದ್ರಿ, ಸಂಜೆ ನದಿ ನಡುಗಡ್ಡೆಯ ನವಬೃಂದಾವನ, ರಾತ್ರಿ ವಾಪಸ್ ರೈಲು. ಈ ಯೋಜನೆ ಹಾಕಿಕೊಂಡು ಬರುವ ಕುಟುಂಬಗಳ ದಿನ ಎಲ್ಲಿ, ಎಷ್ಟು ಗಂಟೆಗೆ ಹಾಳಾಗುತ್ತದೆ ಎನ್ನುವುದು ಆನೆಗೊಂದಿ ಸುತ್ತಿನ ಆಟೋದವರಿಗೆ, ಬೆಟ್ಟದ ಕೆಳಗೆ ಹೂವು-ಕಾಯಿ ಮಾರುವವರಿಗೆ ಬಾಯಿಪಾಠ. ಹಂಪಿ ಬಿಡುವಾಗಲೇ ಹತ್ತು ದಾಟಿರುತ್ತದೆ. ನದಿ ದಾಟುವ ದಾರಿ ಹುಡುಕುವುದರಲ್ಲಿ ಒಂದು ಗಂಟೆ. ಸುಡುಬಿಸಿಲಿಗೆ ಸರಿಯಾಗಿ ಬೆಟ್ಟದ ಬುಡ. ಅಜ್ಜಿ ಅರ್ಧ ದಾರಿಗೆ ಕುಳಿತುಬಿಡುತ್ತಾರೆ, ಮಕ್ಕಳ ಅಂಗಾಲು ಬೊಬ್ಬೆ, ಪ್ರಸಾದದ ಚೀಲ ಕೋತಿಯ ಪಾಲು. ಇಳಿದು ನವಬೃಂದಾವನದ ದೋಣಿ ಘಾಟಿಗೆ ಓಡಿದರೆ "ಇವತ್ತ ದೋಣಿ ಇಲ್ರಿ, ನೀರ ಬಿಟ್ಟಾರ" ಎಂಬ ಉತ್ತರ.

ಇದರಲ್ಲಿ ದೇವರ ಪರೀಕ್ಷೆ ಏನೂ ಇಲ್ಲ. ಎಲ್ಲವೂ ಮೊದಲೇ ತಿಳಿಯುವಂಥವೇ.

ಮೊದಲು ದಾರಿ. ಹಂಪಿಯ ಮಾತಂಗ ಬೆಟ್ಟದಿಂದ ನೋಡಿದರೆ ಅಂಜನಾದ್ರಿ ಕೈಗೆಟಕುವಂತೆ ಕಾಣುತ್ತದೆ, ಮೊಬೈಲಿನ ಮ್ಯಾಪೂ ಹತ್ತಿರವೆಂದೇ ತೋರಿಸುತ್ತದೆ. ನಡುವೆ ತುಂಗಭದ್ರೆ ಇದ್ದಾಳೆ. ತಳವಾರಘಟ್ಟದ ಬಳಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕಾಮಗಾರಿ ನಡೆಯುತ್ತಿದ್ದಾಗಲೇ ಕುಸಿಯಿತು. ಈಗ ವಾಹನಕ್ಕೆ ನಂಬಿಕೆಯ ದಾರಿ ಎಂದರೆ ಕಮಲಾಪುರ, ಬುಕ್ಕಸಾಗರ ಮೇಲೆ ಬಂದು ಕಡೆಬಾಗಿಲು ಸೇತುವೆ ದಾಟಿ ಆನೆಗೊಂದಿ ಸೇರುವುದು. ಹಂಪಿಯಿಂದ ಲೆಕ್ಕ ಹಾಕಿದರೆ 20 ಕಿ.ಮೀ.ಗೂ ಹೆಚ್ಚು. ಹರಿಗೋಲಿನಲ್ಲೋ ಇಂಜಿನ್ ದೋಣಿಯಲ್ಲೋ ಆಚೆ ದಾಟಿಸುತ್ತೇವೆ ಎನ್ನುವವರು ಸಿಗುತ್ತಾರೆ. ಆದರೆ ಆಚೆ ದಡದಲ್ಲಿ ನಿಮ್ಮ ವಾಹನ ಇರುವುದಿಲ್ಲ, ಸಂಜೆ ವಾಪಸ್ ದೋಣಿ ಇದ್ದೇ ಇರುತ್ತದೆ ಎಂದೂ ಇಲ್ಲ. ಹಂಪಿಯನ್ನು ಬೇರೆ ದಿನಕ್ಕೆ ಇಟ್ಟುಕೊಂಡು ಹೊಸಪೇಟೆಯಿಂದ ನೇರವಾಗಿ ಮುನಿರಾಬಾದ್, ಹುಲಿಗಿ, ಸಣಾಪುರ ಕಡೆಯಿಂದ ಬರುವುದು ಜಾಣತನ. ಇನ್ನೂ ಒಳ್ಳೆಯದೆಂದರೆ ಹಿಂದಿನ ರಾತ್ರಿ ಗಂಗಾವತಿಯಲ್ಲೇ ಉಳಿಯುವುದು.

ಇನ್ನು ಬೆಟ್ಟ. ಮೆಟ್ಟಿಲು 575 ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಗಟ್ಟಿಮುಟ್ಟಾದವರು ಅರ್ಧ ಮುಕ್ಕಾಲು ಗಂಟೆಯಲ್ಲಿ ಹತ್ತುತ್ತಾರೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಹತ್ತಿ ದರ್ಶನ ಮಾಡಿ ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ. ಸಂಖ್ಯೆ ನೋಡಿ ಹೆದರುವವರು ಸಂಖ್ಯೆಗೆ ಹೆದರಬೇಕಿಲ್ಲ, ಹೊತ್ತಿಗೆ ಹೆದರಬೇಕು. ಇದು ಗಿಡಮರದ ಬೆಟ್ಟವಲ್ಲ, ಬಂಡೆಗಳ ರಾಶಿ. ಮಾರ್ಚ್‌ನಿಂದ ಮೇ ತನಕ ಈ ಭಾಗದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ಕಾದ ಗ್ರಾನೈಟ್ ಗಾಳಿಗಿಂತ ಎಷ್ಟೋ ಹೆಚ್ಚು ಸುಡುತ್ತದೆ. ಹನ್ನೊಂದರ ನಂತರ ಬರಿಗಾಲಲ್ಲಿ ನಿಂತರೆ ಕಾದ ಹಂಚಿನ ಮೇಲೆ ನಿಂತಂತೆಯೇ. "ಸಂಜೆ ನಾಲ್ಕಕ್ಕೆ ಹತ್ತಿದರಾಯಿತು" ಎನ್ನುವವರೂ ಮೋಸ ಹೋಗುತ್ತಾರೆ, ಏಕೆಂದರೆ ದಿನವಿಡೀ ಕುಡಿದ ಬಿಸಿಯನ್ನು ಬಂಡೆ ಹೊತ್ತು ಇಳಿದ ಮೇಲೂ ಉಗುಳುತ್ತಿರುತ್ತದೆ. ಸುಣ್ಣ ಬಳಿದ ಜಾಗ ಕಡಿಮೆ ಸುಡುತ್ತದೆ, ಬಣ್ಣವಿಲ್ಲದ ಕಪ್ಪು ಕಲ್ಲು ಹೆಚ್ಚು.

ಸಕ್ಕರೆ ಕಾಯಿಲೆ ಇರುವವರು ಇದನ್ನು ಎರಡು ಸಲ ಓದಿ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಸುಡುವುದು ಗೊತ್ತಾಗುವುದೇ ಇಲ್ಲ. ಹತ್ತಿ ಇಳಿದು, ಊಟ ಮಾಡಿ, ರಾತ್ರಿ ರೈಲಿನಲ್ಲಿ ಕಾಲು ನೋಡಿಕೊಂಡಾಗ ಅಂಗಾಲು ಪೂರಾ ನೀರುಗುಳ್ಳೆ. ಆ ಗಾಯ ಮಾಯಲು ವಾರಗಟ್ಟಲೆ ಬೇಕು, ಕೆಲವೊಮ್ಮೆ ಮಾಯುವುದೇ ಕಷ್ಟ. ಬರಿಗಾಲಿನ ಹರಕೆ ಇದ್ದರೆ ಸೂರ್ಯ ಹುಟ್ಟುವ ಹೊತ್ತಿಗೆ ಹತ್ತಿ, ಎಂಟೂವರೆ ಒಂಬತ್ತಕ್ಕೆ ಕೆಳಗಿರಿ. ಹರಕೆ ಇಲ್ಲದವರು ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ಹೋಗಿ ಗುಡಿಯ ಬಾಗಿಲಲ್ಲಿ ತೆಗೆಯಬಹುದು. ನೈಲಾನ್ ಬೇಡ, ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಶನಿವಾರದ ಉಪವಾಸ ಎಂದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಹತ್ತುವವರು ಸಕ್ಕರೆ ಇಳಿದು ತಲೆ ತಿರುಗಿ ಕೂರುತ್ತಾರೆ. ಎರಡು ಬಾಳೆಹಣ್ಣು ತಿಂದರೆ ಹನುಮಪ್ಪ ಬೇಸರ ಮಾಡಿಕೊಳ್ಳುವುದಿಲ್ಲ. ಹಾಗೆಂದು ಗಂಗಾವತಿಯ ಒಗ್ಗರಣೆ-ಮಿರ್ಚಿ ಹೊಟ್ಟೆ ತುಂಬಾ ತಿಂದು ಹತ್ತುವುದೂ ಬೇಡ. ಅದು ಇಳಿದ ಮೇಲೆ. ಒಬ್ಬರಿಗೆ ಒಂದು ಲೀಟರ್ ನೀರು ಕಡಿಮೆ ಎಂದೇ ತಿಳಿಯಿರಿ, ಜೊತೆಗೆ ಒಂದೆರಡು ಓಆರ್‌ಎಸ್ ಪೊಟ್ಟಣ ಇರಲಿ.

ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಳಿಯುವಾಗ. ತೊಡೆ ಸೋತಿರುತ್ತದೆ, ಕಾಲಿಟ್ಟು ಇಟ್ಟು ಕಲ್ಲು ನುಣುಪಾಗಿರುತ್ತದೆ, ಅದರ ಮೇಲೆ ಒಡೆದ ಕಾಯಿಯ ನೀರು ಚೆಲ್ಲಿರುತ್ತದೆ. ಪಕ್ಕದ ಕಟ್ಟೆ ಅಥವಾ ಕಂಬಿ ಹಿಡಿದು, ಮಂಡಿ ನೋವಿನವರು ಸ್ವಲ್ಪ ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲು ಇಳಿಯಬೇಕು. ಬಂಡೆಯ ಅಡಿಯಲ್ಲಿ ಹಾದುಹೋಗುವ ಜಾಗದಲ್ಲಿ ತಲೆ ಬಗ್ಗಿಸಿ. ಸೆಲ್ಫಿಗಾಗಿ ಕಟ್ಟೆ ದಾಟಿ ಬಂಡೆಯ ಅಂಚಿಗೆ ಹೋಗುವವರನ್ನು ಕಂಡರೆ ನಮ್ಮ ಕಡೆ ಬೈದೇ ಕರೆಯುತ್ತಾರೆ, ಬೇಸರ ಬೇಡ.

ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಎಂದರೆ ತಿಂಡಿ ಎಂದೇ ಅರ್ಥ. ಕಾಯಿ, ಬಾಳೆಹಣ್ಣು ಕೈಯಲ್ಲಿ ತೂಗಾಡಿಸದೆ, ಜಿಪ್ ಇರುವ ಬಟ್ಟೆ ಚೀಲದಲ್ಲಿ ಹಾಕಿ ಎದೆಗೆ ತಂದುಕೊಳ್ಳಿ. ಕನ್ನಡಕ, ಮೊಬೈಲ್ ಜೋಪಾನ. ಕಸಿದರೆ ಬಿಟ್ಟುಬಿಡಿ. ಎಳೆದಾಡಿ ಕಚ್ಚಿಸಿಕೊಂಡರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಗಂಗಾವತಿಯ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಸಿಕೆಯನ್ನು ಊರಿಗೆ ಹೋಗಿ ನೋಡೋಣ ಎಂದು ಮುಂದೂಡುವಂತಿಲ್ಲ. ಚಿರತೆಯ ಮಾತೂ ಬರೀ ಗಾಳಿಸುದ್ದಿಯಲ್ಲ. 2020-21ರಲ್ಲಿ ಆನೆಗೊಂದಿ ಸುತ್ತ ದಾಳಿಗಳಾಗಿವೆ. ದುರ್ಗಾದೇವಿ ಬೆಟ್ಟ, ಪಂಪಾ ಸರೋವರದ ಕಡೆಗೆ ಕತ್ತಲಾದ ಮೇಲೆ ಕಾಲ್ನಡಿಗೆ ಬೇಡ.

ನವಬೃಂದಾವನದ್ದು ಬೇರೆಯೇ ಅಪಾಯ. ಪದ್ಮನಾಭ ತೀರ್ಥರಿಂದ ಸುಧೀಂದ್ರ ತೀರ್ಥರವರೆಗೆ ಒಂಬತ್ತು ಮಾಧ್ವ ಯತಿಗಳ ಬೃಂದಾವನ (ಸಮಾಧಿ) ಇರುವುದು ನದಿಯ ನಡುಗಡ್ಡೆಯಲ್ಲಿ. ಅಂದರೆ ದರ್ಶನ ಆಗುವುದು ಬಿಡುವುದು ಮೇಲಿನ ತುಂಗಭದ್ರಾ ಜಲಾಶಯದ ಕೈಯಲ್ಲಿ. ಜನ ಆಕಾಶ ನೋಡಿ ಲೆಕ್ಕ ಹಾಕುತ್ತಾರೆ, ತಪ್ಪಾಗುವುದು ಅಲ್ಲೇ. ಆನೆಗೊಂದಿಯಲ್ಲಿ ಒಂದು ಹನಿ ಬೀಳದಿದ್ದರೂ ಶಿವಮೊಗ್ಗ, ಚಿಕ್ಕಮಗಳೂರು ಕಡೆ ಮಳೆ ಹಿಡಿದರೆ ಜಲಾಶಯ ತುಂಬಿ 33 ಕ್ರಸ್ಟ್ ಗೇಟುಗಳಲ್ಲಿ ಬೇಕಾದಷ್ಟನ್ನು ಎತ್ತುತ್ತಾರೆ, ಕೆಲವೇ ಗಂಟೆಗಳಲ್ಲಿ ನೀರು ಇಲ್ಲಿರುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಇದೇ ನದಿಯ ಇನ್ನೊಂದು ನಡುಗಡ್ಡೆ ವಿರುಪಾಪುರ ಗಡ್ಡೆಯಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಹೊರತರಬೇಕಾಯಿತು. ರಕ್ಷಣೆಗೆ ಹೋದ ಬೋಟೇ ಮಗುಚಿತ್ತು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದದ್ದು ರಾತ್ರಿ, ಯಾವ ಮುನ್ಸೂಚನೆಯೂ ಇಲ್ಲದೆ. ಆದ್ದರಿಂದ ಜುಲೈನಿಂದ ಅಕ್ಟೋಬರ್ ನಡುವೆ ಬರುವವರು ಹೊರಡುವ ಹಿಂದಿನ ದಿನ ಜಲಾಶಯದ ಹೊರಹರಿವು ಎಷ್ಟು ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ನೋಡಿ, ಆನೆಗೊಂದಿಯ ಪರಿಚಯದವರಿಗೋ ಮಠಕ್ಕೋ ಫೋನ್ ಮಾಡಿ ದೋಣಿ ನಡೆಯುತ್ತಿದೆಯೇ ಎಂದು ಕೇಳಿ.

ಬೇಸಿಗೆಯಲ್ಲಿ ಉಲ್ಟಾ ಆಸೆ ಹುಟ್ಟುತ್ತದೆ. ನೀರು ಇಳಿದು ಬಂಡೆಗಳು ಮೇಲೆದ್ದು ಕಾಣುತ್ತವೆ, ದೋಣಿ ಕಾಯುವುದೇಕೆ, ನಡೆದೇ ಹೋಗೋಣ ಎಂದು. ಬಂಡೆಯ ಮೇಲೆ ಪಾಚಿ, ಎರಡು ಬಂಡೆಗಳ ನಡುವೆ ಆಳ ಕಾಣದ ಮಡು, ಒಳಗೆ ಸುಳಿ. ಈ ನದಿಯಲ್ಲಿ ಮೊಸಳೆಗಳೂ ಇವೆ. ಈಜು ಬಲ್ಲವರೂ ಇಲ್ಲಿ ಉಳಿದಿಲ್ಲ. 2025ರ ಫೆಬ್ರವರಿಯಲ್ಲಿ ಸಣಾಪುರದ ಬಳಿ ಬಂಡೆಯಿಂದ ಜಿಗಿದ ಪ್ರವಾಸಿಯೊಬ್ಬರು ನೀರುಪಾಲಾದರು. ತೀರ್ಥಸ್ನಾನ ಬೇಕಿದ್ದರೆ ದಡದ ಮೆಟ್ಟಿಲಲ್ಲೇ ಕುಳಿತು ಚೊಂಬಿನಲ್ಲಿ ಹೊಯ್ದುಕೊಳ್ಳಿ. ತಿಳಿಯಾಗಿದ್ದ ನೀರು ಕೆಂಪಗಾದರೆ, ಕಡ್ಡಿ ಕಸ ತೇಲಿ ಬಂದರೆ, ಆಗ ಕಾಣುತ್ತಿದ್ದ ಬಂಡೆ ಈಗ ಸಣ್ಣದಾಗಿದ್ದರೆ ಮೇಲೆ ನೀರು ಬಿಟ್ಟಿದ್ದಾರೆ ಎಂದೇ ಲೆಕ್ಕ. ಬಟ್ಟೆ ಹುಡುಕುತ್ತ ನಿಲ್ಲದೆ ಮೇಲೆ ಬನ್ನಿ.

ದೋಣಿ ಹತ್ತುವ ಮೊದಲು ಕೊನೆಯ ವಾಪಸ್ ದೋಣಿ ಎಷ್ಟಕ್ಕೆ ಎಂದು ಕೇಳಿ. ಲೈಫ್ ಜಾಕೆಟ್ ಕೊಡದ ದೋಣಿಗೆ ಹತ್ತಬೇಡಿ, ಕೊಟ್ಟರೆ ಬಕಲ್ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡರೆ ಪ್ರಯೋಜನವಿಲ್ಲ. ದ್ವೀಪದಲ್ಲಿ ಗಂಡಸರು ಅಂಗಿ ಬನಿಯನ್ ತೆಗೆಯಬೇಕು, ಬೃಂದಾವನದ ಸುತ್ತ ಎಳೆದ ಗೆರೆ ದಾಟುವಂತಿಲ್ಲ, ಮುಟ್ಟುವಂತಿಲ್ಲ. 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸರಾಜರ ಬೃಂದಾವನ ಒಡೆದ ಮೇಲಂತೂ ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿ ಸುಳಿದಾಡುವವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಹೀಗಾಗಿ ಕ್ರಮ ಇಷ್ಟೇ: ನಸುಕಿಗೆ ಅಂಜನಾದ್ರಿ, ಇಳಿದು ನಾಷ್ಟಾ, ಹತ್ತರೊಳಗೆ ಘಾಟು, ಬಿಸಿಲು ಏರಿದ ಮೇಲೆ ಪಂಪಾ ಸರೋವರದ ಲಕ್ಷ್ಮೀ ಗುಡಿ. ಮಾರ್ಗಶಿರದಲ್ಲಿ ಹನುಮಮಾಲೆ ವಿಸರ್ಜನೆಯ ದಿನ, ಅಂದರೆ ವ್ರತದ ಮಾಲೆ ತೆಗೆಯಲು ಭಕ್ತರು ಬೆಟ್ಟಕ್ಕೆ ಬರುವ ದಿನ, ಮಾಲೆ ಹಾಕದವರು ಬರಲೇಬೇಡಿ. ವಾಹನವನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಆಟೋದವರ "ಎಲ್ಲಾ ತೋರಿಸ್ತೀನ್ರಿ" ಎಂಬ ಮಾತಿಗೆ ಒಪ್ಪದೆ, ಯಾವ ಯಾವ ಜಾಗ, ಎಷ್ಟು ಹೊತ್ತು ಕಾಯುವುದು, ವಾಪಸ್ ಬಿಡುವುದು ಗಂಗಾವತಿಗೋ ಹೊಸಪೇಟೆಗೋ, ಒಟ್ಟು ಎಷ್ಟು ಎಂದು ಹತ್ತುವ ಮೊದಲೇ ಮಾತಾಡಿ. ಬೆಟ್ಟದ ಮೇಲೆ ಸೇವೆಗೆ ಹಣ ಕೊಟ್ಟರೆ ರಶೀದಿ ಕೇಳಿ. ರಶೀದಿ ಇಲ್ಲ ಎಂದರೆ ಹುಂಡಿ ಅಲ್ಲೇ ಪಕ್ಕದಲ್ಲಿರುತ್ತದೆ.