ಬಡಗಿ ಕೋಣೆಗೆ ಕಬ್ಬಿಣದ ಕೂಲರ್: ಕಲಬುರಗಿಯ ಬೇಸಿಗೆಯಲ್ಲಿ ಬಳಸಿದವರೊಬ್ಬರ ವಿಮರ್ಶೆ

ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನೌಕರಿಯಿಂದ ಮನೆಗೆ ಬಂದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಮರಗೆಲಸ ಮಾಡುವ ನನ್ನಂಥವರಿಗೆ ಈ ವ್ಯವಸ್ಥೆಯಿಂದ ಬಿಡುವು ಸಿಗುತ್ತದೆಯಾದರೂ, ಆ ಬಿಡುವು ಬರುವುದು ಬಿಸಿಲು 42 ಡಿಗ್ರಿಯ ಸುತ್ತ ಇರುವ ಹೊತ್ತಿನಲ್ಲೇ. ತಗಡಿನ ಚಾವಣಿಯ ಕೋಣೆಯಲ್ಲಿ ಆಗ ಉಳಿ ಹಿಡಿದು ನಿಲ್ಲುವುದು ಕಷ್ಟ ಮಾತ್ರವಲ್ಲ, ಅಪಾಯವೂ ಹೌದು. ಬೆವರಿನಿಂದ ಕೈ ಜಾರುತ್ತದೆ, ಗಮನ ತಪ್ಪುತ್ತದೆ, ಯಂತ್ರದ ಗರಗಸದ ಮುಂದೆ ಈ ಎರಡೂ ಆಗಬಾರದು. ಈ ಕಾರಣಕ್ಕೆ ನಮ್ಮ ಊರಿನಲ್ಲೇ ತಯಾರಾದ ಕಬ್ಬಿಣದ ಮೈಯ ಕೂಲರೊಂದನ್ನು ಕೊಂಡು, ಇಡೀ ಬೇಸಿಗೆ ಅದನ್ನು ಬಡಗಿ ಕೆಲಸದ ಕೋಣೆಗೆಂದೇ ಬಳಸಿದ್ದೇನೆ. ಮನೆಯ ಪಡಸಾಲೆಗೆ ಒಳ್ಳೆಯದಾದ ಕೂಲರ್ ಮರ ಮತ್ತು ಕಬ್ಬಿಣ ತುಂಬಿದ ಕೋಣೆಗೂ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ಕೂಲರಿನ ರಚನೆ ಸರಳವಾಗಿದೆ. ತಗಡಿನ ಪೆಟ್ಟಿಗೆ, ಮೂರು ಕಡೆ ಹುಲ್ಲಿನ ಪ್ಯಾಡು, ಮುಂದೆ 18 ಇಂಚಿನ ಎಕ್ಸಾಸ್ಟ್ ಫ್ಯಾನು, ಕೆಳಗೆ ಸುಮಾರು 80 ಲೀಟರ್ ಹಿಡಿಯುವ ತೊಟ್ಟಿ, ಅದರಲ್ಲಿ ಮುಳುಗಿರುವ ಸಣ್ಣ ಪಂಪು. ಸ್ಟ್ಯಾಂಡೂ ಸೇರಿ ಸುಮಾರು 8,000 ರೂಪಾಯಿ ಆಯಿತು. ಕಂಪನಿಯ ಪ್ಲಾಸ್ಟಿಕ್ ಕೂಲರುಗಳಿಗೆ ಹೋಲಿಸಿದರೆ ಸದ್ದು ಹೆಚ್ಚು, ಅಂದ ಕಡಿಮೆ. ಆದರೆ ಗಾಳಿಯ ರಭಸ ನಿಜಕ್ಕೂ ದೊಡ್ಡದು, ಮತ್ತು ಕೆಟ್ಟ ಯಾವ ಭಾಗವನ್ನಾದರೂ ಪೇಟೆಯಲ್ಲಿ ತಂದು ನಾವೇ ಬದಲಿಸಬಹುದು.

ತಂಪಿನ ಮಾತು ಮೊದಲು. ಹೊರಗಿನ ಗಾಳಿ 42 ಡಿಗ್ರಿ ಬಿಸಿಯಾಗಿದ್ದು ಅದರ ಆರ್ದ್ರತೆ ಶೇಕಡಾ 20ರಷ್ಟಿದ್ದರೆ, ನೀರು ಆವಿಯಾಗುವುದರಿಂದ ಆ ಗಾಳಿಯನ್ನು ಸಿದ್ಧಾಂತದ ಪ್ರಕಾರ ಸುಮಾರು 24 ಡಿಗ್ರಿಯವರೆಗೆ ತಣಿಸಬಹುದು. ಒದ್ದೆ ಹುಲ್ಲಿನ ಪ್ಯಾಡು ಈ ಅಂತರದ ಮುಕ್ಕಾಲು ಪಾಲಿನ ಹತ್ತಿರ ಮುಟ್ಟಿದರೂ ಫ್ಯಾನಿನ ಬಾಯಲ್ಲಿ 30 ಡಿಗ್ರಿಯ ಆಸುಪಾಸಿನ ಗಾಳಿ ಸಿಗುತ್ತದೆ. ನನ್ನ ಅನುಭವ ಈ ಲೆಕ್ಕಕ್ಕೆ ತಕ್ಕಂತೆಯೇ ಇದೆ: ಮೇಜಿನ ಮುಂದೆ ನಿಂತು ರಂದಾ ಹೊಡೆಯುವಾಗ ಬೆನ್ನಿಗೆ ತಾಗುವ ಗಾಳಿ ಹಿತವಾಗಿರುತ್ತದೆ, ಅಂಗಿ ಒಣಗಿಯೇ ಇರುತ್ತದೆ. ಫ್ಯಾನು ಮತ್ತು ಪಂಪು ಎರಡೂ ಸೇರಿ ಎಳೆಯುವ ವಿದ್ಯುತ್ತು ಒಂದೂವರೆ ಟನ್ನಿನ ಎ.ಸಿ.ಯ ಬಳಕೆಯ ಸಣ್ಣ ಭಾಗ ಮಾತ್ರ. ಬಾಗಿಲು ತೆರೆದು ಹೊಟ್ಟು ಹೊರಗೆ ಹೋಗಲು ಬಿಡಬೇಕಾದ ಕೋಣೆಯಲ್ಲಿ ಎ.ಸಿ. ಹೇಗೂ ಕೆಲಸಕ್ಕೆ ಬಾರದು.

ಇದೇ ಲೆಕ್ಕ ಕರಾವಳಿಗೆ ಹೊಂದುವುದಿಲ್ಲ. ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ಬಿಸಿ 34 ಡಿಗ್ರಿಯೇ ಇರಬಹುದು, ಆದರೆ ಆರ್ದ್ರತೆ ಶೇಕಡಾ 70ರ ಹತ್ತಿರ ಇರುವಾಗ ಕೂಲರು ಇಳಿಸಬಹುದಾದದ್ದು ಮೂರು ನಾಲ್ಕು ಡಿಗ್ರಿ ಅಷ್ಟೇ, ಮತ್ತು ಕೋಣೆ ಮತ್ತಷ್ಟು ಜಿಗುಟಾಗುತ್ತದೆ. ರಾಯಚೂರು, ಬಳ್ಳಾರಿ, ಯಾದಗಿರಿ, ವಿಜಯಪುರದ ಕಡೆಯವರು ಮಾತ್ರ ಮುಂದಿನದನ್ನು ತಮಗೆ ಅನ್ವಯಿಸಿಕೊಳ್ಳಬಹುದು.

ಕೂಲರನ್ನು ಎಲ್ಲಿ ಇಡುತ್ತೇವೆ ಎಂಬುದು ಯಾವ ಕೂಲರು ಕೊಳ್ಳುತ್ತೇವೆ ಎಂಬುದಕ್ಕಿಂತ ಮುಖ್ಯ. ಕೋಣೆಯ ಒಳಗೆ ಇಟ್ಟರೆ ಅದು ಒಳಗಿನ ಒದ್ದೆ ಗಾಳಿಯನ್ನೇ ಮತ್ತೆ ಮತ್ತೆ ಎಳೆಯುತ್ತದೆ, ಜೊತೆಗೆ ಮರದ ಪುಡಿಯನ್ನೂ ಎಳೆಯುತ್ತದೆ. ಸ್ಯಾಂಡಿಂಗ್ ಮಾಡುವಾಗ ಏಳುವ ಹಿಟ್ಟಿನಂಥ ಧೂಳು ಒದ್ದೆ ಹುಲ್ಲಿಗೆ ಅಂಟಿ ಹೆಂಟೆಯಾಗುತ್ತದೆ, ಪಂಪಿನ ಬಾಯಿ ಕಟ್ಟುತ್ತದೆ, ಎರಡನೆಯ ವಾರಕ್ಕೇ ವಾಸನೆ ಶುರುವಾಗುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಪೂರ್ತಿಯಾಗಿ ಕಿಟಕಿಯ ಹೊರಗೆ, ನೆರಳಿನಲ್ಲಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಫ್ಯಾನಿನ ಬಾಯಿ ಮಾತ್ರ ಒಳಗೆ ಬರಬೇಕು, ಸುತ್ತಲಿನ ಸಂದನ್ನು ಪ್ಲೈವುಡ್ ತುಂಡಿನಿಂದ ಮುಚ್ಚಬೇಕು. ಎದುರು ಗೋಡೆಯ ಕಿಟಕಿಯನ್ನೋ ಬಾಗಿಲನ್ನೋ ತೆರೆದಿಡಬೇಕು. ಹೀಗೆ ಮಾಡಿದಾಗ ಎದುರಾದ ಅನುಕೂಲವೊಂದನ್ನು ನಾನು ನಿರೀಕ್ಷಿಸಿರಲಿಲ್ಲ. ಹೊರಗಿನಿಂದ ಒಂದೇ ಸಮನೆ ಒಳನುಗ್ಗುವ ಗಾಳಿ ಸಣ್ಣ ಧೂಳನ್ನು ಎದುರಿನ ಬಾಗಿಲಿನಿಂದ ಹೊರಗೆ ತಳ್ಳುತ್ತದೆ, ಶಹಾಬಾದ್ ಪರಸಿಯ ನೆಲದ ಮೇಲೆ ಸಂಜೆ ಕೂರುವ ಪುಡಿ ಗಣನೀಯವಾಗಿ ಕಡಿಮೆಯಾಗಿದೆ. ಮೂಗಿಗೆ ಮಾಸ್ಕ್ ಮಾತ್ರ ಬಿಡುವಂತಿಲ್ಲ.

ಇನ್ನು ಮರದ ವಿಷಯ. ಬಡಗಿಗೆ ತಂಪು ಕೊಡುವ ಈ ಯಂತ್ರ ಮರಕ್ಕೆ ನೀರು ಕುಡಿಸುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಹಲಗೆಯ ತೇವಾಂಶ ಕ್ರಮೇಣ ಶೇಕಡಾ 4ರಿಂದ 5ರವರೆಗೆ ಇಳಿಯುತ್ತದೆ. ಕೂಲರು ನಡೆಯುವ ಕೋಣೆಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 50ರಿಂದ 60ಕ್ಕೆ ಏರುವುದರಿಂದ ಅದೇ ಹಲಗೆ ದೀರ್ಘಕಾಲ ಅಲ್ಲಿದ್ದರೆ ಶೇಕಡಾ 9 ಅಥವಾ 10ರತ್ತ ಹೊರಡುತ್ತದೆ. ತೇಗ ಸ್ಥಿರವಾದ ಮರ, ಆದರೂ ಕಾಂಡದ ಬೆಳವಣಿಗೆಯ ಬಳೆಗಳ ಗುಂಟ ಸೀಳಿದ ಒಂದು ಅಡಿ ಅಗಲದ ತೇಗದ ಹಲಗೆ ಈ ವ್ಯತ್ಯಾಸವನ್ನು ಪೂರ್ತಿ ಹೀರಿಕೊಂಡರೆ ಸುಮಾರು 3 ಮಿಲಿಮೀಟರ್ ಅಗಲವಾಗುತ್ತದೆ. ಡ್ರಾಯರಿನ ಮುಖ ಕೂರಿಸಲು ನಾವು ಬಿಡುವ ಸಂದಿಗಿಂತ ಇದು ಹೆಚ್ಚು. ಬೇವು, ಹಲಸು, ಜಾಲಿಯ ಹಲಗೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಕೂಲರು ನಡೆಸಿದರೆ ಇಷ್ಟು ದೊಡ್ಡ ಬದಲಾವಣೆ ಆಗುವುದಿಲ್ಲ, ಏಕೆಂದರೆ ಮರ ನಿಧಾನವಾಗಿ ಹೀರುತ್ತದೆ, ರಾತ್ರಿ ಮತ್ತೆ ಬಿಡುತ್ತದೆ. ಅಲ್ಪಾವಧಿಯಲ್ಲಿ ಕಾಡುವುದು ಬೇರೆಯೇ ತೊಂದರೆ. ಗಾಳಿಗೆ ಎದುರಾಗಿ ಮಲಗಿಸಿದ ತೆಳು ಹಲಗೆಯ ಮೇಲ್ಮುಖ ಮಾತ್ರ ತೇವ ಹೀರಿ ಉಬ್ಬುತ್ತದೆ, ಮೇಜಿಗೆ ಅಂಟಿದ ಕೆಳಮುಖ ಒಣಗಿಯೇ ಇರುತ್ತದೆ, ಮತ್ತು ಹಲಗೆ ಮೇಲಕ್ಕೆ ಬೆನ್ನೆತ್ತಿ ಬಾಗುತ್ತದೆ. ಅರ್ಧ ಇಂಚಿಗೆ ಇಳಿಸಿದ ಹಲಗೆಯನ್ನು ಊಟಕ್ಕೆ ಹೋಗುವ ಮುನ್ನ ಹಾಗೇ ಬಿಟ್ಟರೆ, ಬಂದು ಗುಣಿಯ (ಮೂಲೆಯ ನೇರ ನೋಡುವ ಉಪಕರಣದ) ಅಂಚನ್ನು ಅಡ್ಡಲಾಗಿ ಇಟ್ಟು ನೋಡಿದಾಗ ಎರಡು ಬದಿಯಲ್ಲೂ ಬೆಳಕು ಕಾಣುತ್ತದೆ. ಇದಕ್ಕೆ ಪರಿಹಾರ ಸುಲಭ: ಕೆಲಸ ನಿಂತ ಕೂಡಲೇ ಹಲಗೆಗಳನ್ನು ಅಡ್ಡಪಟ್ಟಿಗಳ ಮೇಲೆ ಪೇರಿಸಿ ಹಾಳೆ ಹೊದಿಸುವುದು, ದಾಸ್ತಾನನ್ನು ಬೇರೆ ಕೋಣೆಯಲ್ಲಿಡುವುದು, ಗಾಳಿಯ ದಿಕ್ಕನ್ನು ಮೇಜಿನ ಮೇಲಕ್ಕಲ್ಲ, ನಿಂತವರ ಬೆನ್ನಿಗೆ ತಿರುಗಿಸುವುದು. ಬಾಗಿಲ ಫಲಕಗಳನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸುವ ಹಳೆಯ ಬಡಗಿಗಳ ಪದ್ಧತಿಯನ್ನು ಇಲ್ಲಿ ಬಿಡಲೇಬಾರದು. ಬೇಸಿಗೆಯಲ್ಲಿ ಮಾಡಿದ ಸಾಮಾನು ಮಳೆಗಾಲವನ್ನೂ ಕಾಣಬೇಕಲ್ಲವೇ?

ಅಂಟಿನ ಕೆಲಸಕ್ಕೆ ಕೂಲರು ಸಹಾಯವನ್ನೇ ಮಾಡಿದೆ. ಬಿಳಿ ಅಂಟು ನೀರಿನ ಮೂಲದ್ದು. 42 ಡಿಗ್ರಿಯ ಒಣ ಕೋಣೆಯಲ್ಲಿ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಅದರ ಮೇಲೆ ತೊಗಲು ಕಟ್ಟುತ್ತದೆ, ಕ್ಲ್ಯಾಂಪ್ ಬಿಗಿಯುವ ಮುಂಚೆಯೇ ಹಿಡಿತ ಹೋಗುತ್ತದೆ. ತಂಪಾದ, ಸ್ವಲ್ಪ ಆರ್ದ್ರ ಗಾಳಿಯಲ್ಲಿ ನಾಲ್ಕಾರು ಜೋಡಣೆಗಳನ್ನು ನೆಮ್ಮದಿಯಿಂದ ಕೂಡಿಸಲು ಸಮಯ ಸಿಗುತ್ತದೆ. ಪಾಲಿಶಿಗೆ ಇದು ತದ್ವಿರುದ್ಧ. ಅರಗಿನ ಸ್ಪಿರಿಟ್ ಪಾಲಿಶ್ ಹಚ್ಚುವಾಗ ಸ್ಪಿರಿಟ್ ವೇಗವಾಗಿ ಹಾರಿ ಮರದ ಮೈಯನ್ನು ತಣ್ಣಗೆ ಮಾಡುತ್ತದೆ, ಆರ್ದ್ರ ಗಾಳಿಯ ತೇವ ಆ ಪದರದ ಮೇಲೆ ಕೂತು ಹಾಲಿನ ಬಣ್ಣದ ಮಬ್ಬು ಮೂಡುತ್ತದೆ. ಪಾಲಿಶ್ ಹಚ್ಚುವ ಹೊತ್ತಿಗೆ ಪಂಪು ನಿಲ್ಲಿಸಿ ಕೋಣೆ ಒಣಗಲು ಬಿಡಬೇಕು. ನಾನು ಈ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡಿದ್ದೇನೆ.

ಕಬ್ಬಿಣದ ಉಪಕರಣಗಳಿಗೆ ದಿನವೂ ಎಣ್ಣೆ ಬಟ್ಟೆಯಿಂದ ಒರೆಸುವ ಶಿಸ್ತು ಸಾಕಾಗಿದೆ. ಇಲ್ಲಿ ಕೂಲರಿಗಿಂತ ಬೆವರಿನ ಕಾಟವೇ ಹೆಚ್ಚು ಎಂಬುದನ್ನೂ ಹೇಳಬೇಕು. ಹಣೆಯಿಂದ ಜಾರಿದ ಒಂದು ಹನಿ ಜಾಲಿ ಹಲಗೆಯ ಮೇಲೆ ಬಿದ್ದು, ಅದರ ಮೇಲೆ ರಂದಾ ನಿಂತರೆ, ಮರದ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ನೀಲಿಗಪ್ಪು ಕಲೆ ಏಳುತ್ತದೆ, ಅದನ್ನು ತೆಗೆಯಲು ಮತ್ತೆ ಒಂದು ಪದರ ಹೆರೆಯಬೇಕು. ಬೆವರು ನಿಂತ ಮೇಲೆ ಈ ಕಲೆಗಳೂ ನಿಂತಿವೆ. ಬ್ಯಾಟರಿ ಡ್ರಿಲ್ಲುಗಳಿಗೂ ಪ್ರಯೋಜನವಿದೆ: ಹೆಚ್ಚಿನ ಕಂಪನಿಗಳ ಕೈಪಿಡಿಗಳು 40 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಬಾರದು ಎನ್ನುತ್ತವೆ.

ನೀರಿನ ಖರ್ಚನ್ನು ಹಗುರವಾಗಿ ಕಾಣುವಂತಿಲ್ಲ. ಕಡು ಬಿಸಿಲಿನಲ್ಲಿ ಪೂರ್ಣ ವೇಗದಲ್ಲಿ ಈ ಗಾತ್ರದ ಕೂಲರು ಗಂಟೆಗೆ 20 ಲೀಟರಿನ ಹತ್ತಿರ ಕುಡಿಯುತ್ತದೆ, ಅಂದರೆ ತುಂಬಿದ ತೊಟ್ಟಿ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಇದು ಮನೆಯವರೊಡನೆ ಮಾತಾಡಿ ತೀರ್ಮಾನಿಸಬೇಕಾದ ವಿಷಯ. ಬೋರ್‌ವೆಲ್ಲಿನ ಗಡಸು ನೀರಾದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚುತ್ತದೆ, ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತೊಳೆಯಬೇಕು. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದನ್ನು ತಡೆಯಲೂ ಇದು ಅಗತ್ಯ.

ಕೊಂಡ ಅಂಗಡಿಯ ಬಗ್ಗೆ ನನ್ನ ಆಕ್ಷೇಪ ಒಂದೇ, ಮತ್ತು ಅದು ಸಣ್ಣದಲ್ಲ. ಕೂಲರಿಗೆ ಎರಡು ಕಡ್ಡಿಯ ಪ್ಲಗ್ ಹಾಕಿ ಕೊಟ್ಟಿದ್ದರು, ತಗಡಿನ ಮೈಗೆ ಅರ್ಥ್ ತಂತಿಯೇ ಇರಲಿಲ್ಲ. ನೀರು, ಕಬ್ಬಿಣ, ವಿದ್ಯುತ್ತು ಮೂರೂ ಒಂದೇ ಪೆಟ್ಟಿಗೆಯಲ್ಲಿರುವಾಗ ಇದನ್ನು ಸಹಿಸುವಂತಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೂರು ಕಡ್ಡಿಯ ಪ್ಲಗ್ ಹಾಕಿಸಿ, ಮೈಗೆ ಅರ್ಥಿಂಗ್ ಕೊಡಿಸಿ, ಶೆಡ್ಡಿನ ಲೈನಿಗೆ, ವಿದ್ಯುತ್ತು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದ ನಂತರವೇ ನಾನು ಅದನ್ನು ಚಾಲೂ ಮಾಡಿದ್ದು. ನೀರು ಹಾಕುವಾಗ, ಪ್ಯಾಡು ಮುಟ್ಟುವಾಗ ಪ್ಲಗ್ ಕಿತ್ತಿರಲೇಬೇಕು. ಮನೆಯಲ್ಲಿ ಮಕ್ಕಳಿದ್ದರೆ ಫ್ಯಾನಿನ ಜಾಲರಿಯ ಕಂಡಿ ಬೆರಳು ತೂರದಷ್ಟು ಸಣ್ಣದಿದೆಯೇ ಎಂದು ಅಂಗಡಿಯಲ್ಲೇ ನೋಡಿ.

ತಗಡಿನ ಚಾವಣಿಗೆ ಬಿಳಿ ಬಣ್ಣ ಬಳಿಯದೆ ಕೂಲರೊಂದನ್ನೇ ನಂಬುವುದು ಸರಿಯಲ್ಲ. ಬಿಸಿಲಿಗೆ 60 ಡಿಗ್ರಿ ದಾಟಿ ಕಾಯ್ದ ತಗಡು ನೆತ್ತಿಯ ಮೇಲಿಂದ ಸೂಸುವ ಝಳವನ್ನು ಗಾಳಿಯ ತಂಪು ತಡೆಯಲಾರದು. ಬಿಳಿ ಬಳಿದ ಮೇಲೆ ನೆತ್ತಿ ಸುಡುವುದು ತಗ್ಗಿ, ಕೂಲರನ್ನು ಅರ್ಧ ವೇಗದಲ್ಲಿ ನಡೆಸಿದರೂ ಸಾಕಾಯಿತು. ಹೀಗಾಗಿ ನೀರೂ ಉಳಿಯಿತು, ಕೋಣೆಯ ಆರ್ದ್ರತೆಯೂ ಹದದಲ್ಲಿ ನಿಂತಿತು. ಕೊಳ್ಳುವವರು ಮಾರ್ಚ್ ಮುಗಿಯುವ ಮುನ್ನವೇ ಹೋಗಿ, ಬೇಗ ತುಕ್ಕು ಹಿಡಿಯದ ಜಿಐ (ಸತು ಲೇಪಿಸಿದ) ತಗಡಿನ ತೊಟ್ಟಿಯನ್ನೇ ಕೇಳಿ ಮಾಡಿಸಿಕೊಳ್ಳಲಿ, ಸ್ಟ್ಯಾಂಡನ್ನು ತಮ್ಮ ಕಿಟಕಿಯ ಎತ್ತರಕ್ಕೆ ಅಳತೆ ಕೊಟ್ಟು ಬೆಸುಗೆ ಹಾಕಿಸಲಿ, ಮತ್ತು ಒಂದು ಜೊತೆ ಹುಲ್ಲಿನ ಪ್ಯಾಡನ್ನು ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳಲಿ.