ನೂರು ಗ್ರಾಂ ಮೇಲ್ಪಟ್ಟ ಸೀಸದ ಗುಂಡಿಗೆ ತುಮಕೂರಿನಲ್ಲೇ ತಯಾರಾದ ಅಚ್ಚು

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಎರಕ ಹೊಯ್ಯಲು ಬೇಕಾದ ಅಲ್ಯೂಮಿನಿಯಂ ಅಚ್ಚನ್ನು ಆರ್ಡರ್ ಮೇಲೆ ಮಾಡಿಕೊಡುತ್ತಾರೆ. ಒಂದು ಬದಿಯಲ್ಲಿ ಕೀಲು ಕೂರಿಸಿದ ಎರಡು ದಪ್ಪ ಹೋಳುಗಳು, ಮರದ ಹಿಡಿಗಳು, ಒಳಗೆ 20, 60, 100 ಮತ್ತು 150 ಗ್ರಾಂ ತೂಕದ ನಾಲ್ಕು ಕುಳಿಗಳು, ಇಷ್ಟೇ ಇದರ ರಚನೆ. ಬೆಲೆ ಎರಡು ಸಾವಿರ ರೂಪಾಯಿಯ ಒಳಗಿದೆ. ಕಳೆದ ಮಳೆಗಾಲ ಮುಗಿದಾಗಿನಿಂದ ನಾನು ಇದನ್ನು ಬಳಸುತ್ತಿದ್ದೇನೆ. ದೊಡ್ಡ ಗುಂಡುಗಳ ಮಟ್ಟಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಮತ್ತು ಗಾಳಿಯಾಡುವ ಬಯಲು ಜಾಗವಿಲ್ಲದವರು ಅಚ್ಚು ಎಷ್ಟೇ ಚೆನ್ನಾಗಿದ್ದರೂ ಇದನ್ನು ಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರ ಕಾರಣಗಳನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಇಷ್ಟು ಭಾರದ ಗುಂಡು ನಮ್ಮ ಬಯಲುಸೀಮೆಯಲ್ಲಿ ಯಾರಿಗೆ ಬೇಕು ಎಂದು ಕೆಲವರು ಕೇಳುತ್ತಾರೆ. ಊರಿನ ಕೆರೆಯಲ್ಲಿ ಬೆಂಡು ಕಟ್ಟಿ ಜಿಲೇಬಿ ಮೀನು ಹಿಡಿಯುವವರಿಗೆ ಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಂತಹ ವಿಶಾಲವಾದ ನೀರಿನಲ್ಲಿ, ಕಡಲೆಕಾಯಿ ಹಿಂಡಿಯ ಉಂಡೆಯನ್ನು ದಡದಿಂದ ದೂರ ಎಸೆದು ಕಾಟ್ಲಾ, ರೋಹು ಮೀನುಗಳಿಗೆ ಕಾಯುವವರಿಗೆ ಮಾತ್ರ ಇದರ ಅಗತ್ಯ ಚೆನ್ನಾಗಿ ತಿಳಿದಿರುತ್ತದೆ. ಮಧ್ಯಾಹ್ನದ ಗಾಳಿ ಎದ್ದಿತೆಂದರೆ ಹಗುರವಾದ ಗುಂಡು ತಳದಲ್ಲಿ ನಿಲ್ಲದೆ ದಾರ ಸರಿಯುತ್ತಾ ಹೋಗುತ್ತದೆ. ನಮ್ಮ ಅಂಗಡಿಗಳಲ್ಲಿ ನನಗೆ ಸಿಗುವುದು ಬಹುತೇಕ 50 ಗ್ರಾಂ ಒಳಗಿನ ಗುಂಡುಗಳೇ. ದೊಡ್ಡವನ್ನು ಕರಾವಳಿಯಿಂದ ತರಿಸಿದರೆ ಪಾರ್ಸೆಲ್ ಖರ್ಚು ತೂಕದ ಲೆಕ್ಕದಲ್ಲೇ ಏರುತ್ತದೆ. (ಕೆರೆ, ಜಲಾಶಯಗಳ ಮೀನುಗಾರಿಕೆಯ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವುದರಿಂದ ಗಾಳ ಹಾಕುವ ಮುನ್ನ ಗುತ್ತಿಗೆದಾರರ ಒಪ್ಪಿಗೆ ಪಡೆಯುವುದು ಒಳ್ಳೆಯದು.)

ಅಚ್ಚಿನ ವಿಷಯಕ್ಕೆ ಬರುತ್ತೇನೆ. ಚಿಕ್ಕ ಗುಂಡಿಗೂ ದೊಡ್ಡ ಗುಂಡಿಗೂ ಎರಕದಲ್ಲಿ ಬಹಳ ವ್ಯತ್ಯಾಸವಿದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ತೂಕಕ್ಕೆ ತೂಕ ಹೋಲಿಸಿದರೆ ಅಲ್ಯೂಮಿನಿಯಂ ಸೀಸಕ್ಕಿಂತ ಸುಮಾರು 7 ಪಟ್ಟು ಹೆಚ್ಚು ಶಾಖವನ್ನು ಹೀರುತ್ತದೆ. ಆದ್ದರಿಂದ ತಣ್ಣಗಿರುವ ಅಚ್ಚಿಗೆ ಸುರಿದ ಸೀಸವು ಕುಳಿಯ ತಳ ಮುಟ್ಟುವ ಮೊದಲೇ ಗಟ್ಟಿಯಾಗತೊಡಗುತ್ತದೆ; ಹೊರಬರುವ ಗುಂಡಿನ ಮೈ ಸುಕ್ಕುಸುಕ್ಕಾಗಿ, ಮೂಲೆಗಳು ತುಂಬದೆ ಉಳಿಯುತ್ತವೆ. ಈ ಅಚ್ಚಿನ ಹೋಳುಗಳು ದಪ್ಪವಾಗಿರುವುದರಿಂದ ಕಾಯಲು ಹೊತ್ತು ಹಿಡಿಯುತ್ತದೆ, ಆದರೆ ಒಮ್ಮೆ ಹದವಾಗಿ ಕಾದರೆ ಆ ಬಿಸಿ ಬೇಗ ಏರಿಳಿಯುವುದಿಲ್ಲ. ಮೊದಲ ಕೆಲವು ಗುಂಡುಗಳನ್ನು ಮತ್ತೆ ಕರಗಿಸುವ ಪಾತ್ರೆಗೇ ಹಾಕಬೇಕಾಗುತ್ತದೆ. ಅನಂತರ ಬರುವವು ಒಂದರಂತೆ ಒಂದು ಇರುತ್ತವೆ. ಇದಕ್ಕೆ ಮೊದಲು ನಾನು ಬಳಸುತ್ತಿದ್ದ ತೆಳು ತಗಡಿನ ಅಚ್ಚಿನಲ್ಲಿ ಈ ಸ್ಥಿರತೆ ಎಂದೂ ಸಿಕ್ಕಿರಲಿಲ್ಲ.

ಇನ್ನೊಂದು ಗುಣವನ್ನು ವಿಶೇಷವಾಗಿ ಹೇಳಬೇಕು. ಕರಗಿದ ಸೀಸ ಗಟ್ಟಿಯಾಗುವಾಗ ಅದರ ಗಾತ್ರ ನೂರಕ್ಕೆ ಮೂರರಿಂದ ನಾಲ್ಕು ಪಾಲು ಕುಗ್ಗುತ್ತದೆ. 20 ಗ್ರಾಂ ಗುಂಡಿನಲ್ಲಿ ಇದು ಕಣ್ಣಿಗೆ ಬೀಳದಿದ್ದರೂ 150 ಗ್ರಾಂ ಗುಂಡಿನ ತಲೆಯಲ್ಲಿ ಕುಳಿ ಬೀಳುತ್ತದೆ, ಕೆಲವೊಮ್ಮೆ ದಾರ ಕಟ್ಟಲೆಂದು ಗುಂಡಿನೊಳಗೆ ಕೂರಿಸುವ ತಂತಿಯ ಬುಡದಲ್ಲೇ ಪೊಳ್ಳಾಗಿ, ಎಸೆಯುವಾಗ ಗುಂಡು ಕಿತ್ತು ಹಾರಿಹೋಗುವ ಅಪಾಯವಿರುತ್ತದೆ. ವರ್ಕ್‌ಶಾಪಿನವರು ದೊಡ್ಡ ಎರಡು ಕುಳಿಗಳ ಮೇಲೆ ಆಳವಾದ ಆಲಿಕೆಯನ್ನು ಕೊರೆದಿದ್ದಾರೆ. ಆ ಆಲಿಕೆಯನ್ನು ಕಂಠಮಟ್ಟ ತುಂಬಿಸಿದರೆ, ಒಳಗಿನ ಸೀಸ ಕುಗ್ಗುತ್ತಾ ಹೋದಂತೆ ಮೇಲಿನ ಬಿಸಿ ಸೀಸ ಇಳಿದು ಆ ಜಾಗವನ್ನು ತುಂಬುತ್ತದೆ. ಸುರಿದ ಮೇಲೆ ಆಲಿಕೆಯ ನಡುವೆ ಸಣ್ಣ ತಗ್ಗು ಬೀಳುವುದನ್ನೂ, ಹೊಳೆಯುತ್ತಿದ್ದ ಮೈ ಇದ್ದಕ್ಕಿದ್ದಂತೆ ಮಂಕಾಗುವುದನ್ನೂ ಕಣ್ಣಾರೆ ನೋಡಬಹುದು. ಮಂಕಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಅಚ್ಚನ್ನು ತೆರೆದರೆ ಗುಂಡು ಸಲೀಸಾಗಿ ಬಿಡಿಸಿಕೊಂಡು ಬರುತ್ತದೆ; ಕುಳಿಗೆ ಮೊದಲೇ ಮೇಣದಬತ್ತಿಯ ಮಸಿ ಹಿಡಿಸಿದ್ದರೆ ಇನ್ನೂ ಸುಲಭ. ಆಲಿಕೆಯಲ್ಲಿ ಉಳಿದ ತುಂಡನ್ನು ಕತ್ತರಿಸಿ ಮತ್ತೆ ಕರಗಿಸಬಹುದು.

ತೂಕದಲ್ಲಿಯೂ ನಿರಾಸೆಯಾಗಲಿಲ್ಲ. ಮೆತ್ತನೆಯ ಶುದ್ಧ ಸೀಸವಾದರೆ 100 ಗ್ರಾಂ ಕುಳಿಯ ಗುಂಡು ನೂರಕ್ಕಿಂತ ತುಸು ಹೆಚ್ಚೇ ತೂಗುತ್ತದೆ, ಆಂಟಿಮನಿ ಬೆರೆತ ಗಟ್ಟಿ ಸೀಸವಾದರೆ ತುಸು ಕಡಿಮೆ. ಗಾಳಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಕೊರತೆಗಳೂ ಇವೆ. ತಂತಿ ಕೂರಿಸುವ ತೋಡನ್ನು ಹಾರ್ಡ್‌ವೇರ್ ಅಂಗಡಿಯ 16 ಗೇಜ್ ತಂತಿಗೆ ಸರಿಯಾಗಿ, ಅಂದರೆ ಸುಮಾರು 1.6 ಮಿಲಿಮೀಟರ್ ಅಗಲಕ್ಕೆ ಕೊರೆದಿದ್ದಾರೆ. ಅದಕ್ಕಿಂತ ತೆಳುವಾದ ಸ್ಟೀಲ್ ತಂತಿ ಇಟ್ಟರೆ ಸಂದಿಯಲ್ಲಿ ಸೀಸ ಸೋರಿ ಅಂಚಿನಲ್ಲಿ ರೆಕ್ಕೆ ಮೂಡುತ್ತದೆ, ಅದನ್ನು ಅರದಿಂದ ಉಜ್ಜಲು ಹೋದರೆ ಸೀಸದ ಪುಡಿ ಏಳುತ್ತದೆ. ಆದ್ದರಿಂದ ಉಜ್ಜುವ ಬದಲು ಚಾಕುವಿನಿಂದ ಹೆರೆಯುವುದೇ ಸರಿ. ಹಿಡಿಗಳು ನನ್ನ ಕೈಗೆ ಗಿಡ್ಡವಾದವು. ಅಚ್ಚು ಪೂರ್ತಿ ಕಾದ ಮೇಲೆ ಚರ್ಮದ ಕೈಗವಸಿನ ಮೂಲಕವೂ ಬಿಸಿ ತಟ್ಟುತ್ತದೆ. ಹೋಳುಗಳನ್ನು ಬಿಗಿದಿಡಲು ಕ್ಲಾಂಪ್ ಕೊಟ್ಟಿಲ್ಲ, ಬೇರೆಯಾಗಿ ಕೊಳ್ಳಬೇಕು.

ಆದರೆ ಇವೆಲ್ಲಕ್ಕಿಂತ ದೊಡ್ಡ ಲೋಪವೆಂದರೆ, ಅಚ್ಚಿನ ಜೊತೆ ಎಚ್ಚರಿಕೆಯ ಒಂದು ಚೀಟಿಯನ್ನೂ ಕೊಡದಿರುವುದು. ಕೇಳಿದಾಗ, ಕೊಳ್ಳುವವರಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ಉತ್ತರ ಬಂತು. ಹಾಗೆ ಗೊತ್ತಿರುವುದಿಲ್ಲ ಎಂಬುದೇ ನನ್ನ ಆತಂಕ. ಒಂದು ಹನಿ ನೀರು ಕರಗಿದ ಸೀಸದ ಅಡಿಗೆ ಸಿಕ್ಕಿಕೊಂಡರೆ ಕ್ಷಣದಲ್ಲಿ ಹಬೆಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ ಮತ್ತು ಪಾತ್ರೆಯಲ್ಲಿರುವ ಸೀಸವನ್ನು ಮುಖಕ್ಕೆ ಎರಚುತ್ತದೆ. ಸೌಟು, ತಂತಿ, ಅಚ್ಚು, ಮತ್ತೆ ಕರಗಿಸಲು ಹಾಕುವ ಹಳೆಯ ಗುಂಡು, ಎಲ್ಲವೂ ಒಣಗಿರಬೇಕು, ಮಾತ್ರವಲ್ಲ ಮೊದಲೇ ಬಿಸಿಯಾಗಿರಬೇಕು. ಕೆರೆಯಿಂದ ತಂದ ಗುಂಡಿನ ಸಂದಿಯಲ್ಲಿ ತೇವ ಉಳಿದಿರುತ್ತದೆ. ಅದನ್ನು ಕರಗಿದ ಸೀಸಕ್ಕೆ ಹಾಕದೆ, ತಣ್ಣನೆಯ ಪಾತ್ರೆಯಲ್ಲಿಟ್ಟು ಆಮೇಲೆ ಉರಿ ಹಚ್ಚಬೇಕು. ಮುಖಕವಚ, ಉದ್ದ ತೋಳಿನ ಹತ್ತಿ ಅಂಗಿ, ಕಾಲಿಗೆ ಮುಚ್ಚಿದ ಬೂಟು ಇಲ್ಲದೆ ಈ ಕೆಲಸಕ್ಕೆ ಕೂರಬಾರದು.

ಉರಿಯ ಹದವೂ ಅಷ್ಟೇ ಮುಖ್ಯ. ಸುಮಾರು 500 ಡಿಗ್ರಿ ದಾಟಿದರೆ ಸೀಸದ ಹೊಗೆ ಗಣನೀಯವಾಗಿ ಏಳುತ್ತದೆ, ಎರಕಕ್ಕೆ ಅಷ್ಟು ಬಿಸಿ ಬೇಕಾಗಿಯೂ ಇಲ್ಲ. ಮೇಲ್ಮೈಯಲ್ಲಿ ನೀಲಿ, ನೇರಳೆ ಬಣ್ಣ ಹರಡತೊಡಗಿದರೆ ಉರಿ ತಗ್ಗಿಸಬೇಕು. ಹಾಲಿನ ಕೆನೆಯಂತೆ ಮೇಲೆ ಕಟ್ಟುವ ಬೂದು ಕಿಟ್ಟವನ್ನು ಸೌಟಿನಿಂದ ತೆಗೆದು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು. ಮನೆಯ ಮಟ್ಟಿಗೆ ಹೊಗೆಗಿಂತ ಈ ಕಿಟ್ಟದ ಪುಡಿಯ ಬಗ್ಗೆಯೇ ನನಗೆ ಹೆಚ್ಚು ಭಯ. ಅದು ಬಟ್ಟೆಗೆ, ಉಗುರಿಗೆ, ಅಂಗಳದ ಮಣ್ಣಿಗೆ ಅಂಟಿ ಅಲ್ಲಿಂದ ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗುತ್ತದೆ. ಸೀಸದ ವಿಷಯದಲ್ಲಿ ಹಾನಿಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎರಕ ಮಾಡುವ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು, ಆ ಪಾತ್ರೆ ಮತ್ತು ತಕ್ಕಡಿ ಅಡುಗೆಮನೆಗೆ ಮರಳಬಾರದು, ಕೈ ತೊಳೆಯದೆ ಬೀಡಿಯನ್ನಾಗಲಿ ಎಲೆ ಅಡಿಕೆಯನ್ನಾಗಲಿ ಮುಟ್ಟಬಾರದು.

ಸೀಸ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಗುಜರಿ ಅಂಗಡಿಯ ಹಳೆಯ ಕೇಬಲ್ ಹೊದಿಕೆಯ ಸೀಸ ಉತ್ತಮ ಉತ್ತರ. ಟೈರ್ ಅಂಗಡಿಯವರು ತೆಗೆದಿಡುವ ಚಕ್ರದ ಬ್ಯಾಲೆನ್ಸಿಂಗ್ ತುಂಡುಗಳೂ ಆಗುತ್ತವೆ, ಆದರೆ ಅವುಗಳಲ್ಲಿ ಈಗ ಸತುವಿನವೂ ಕಬ್ಬಿಣದವೂ ಬೆರೆತಿರುತ್ತವೆ. ಸತು ಕರಗುವುದು 419 ಡಿಗ್ರಿಯಲ್ಲಾದ್ದರಿಂದ, ಸಣ್ಣ ಉರಿಯಲ್ಲಿ ಸೀಸ ಕರಗಿದ ಕೂಡಲೇ ತೇಲುತ್ತಿರುವ ತುಂಡುಗಳನ್ನು ಎತ್ತಿಬಿಟ್ಟರೆ ಎರಕ ಕೆಡುವುದಿಲ್ಲ. ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವ ಕೆಲಸವನ್ನು ಮಾತ್ರ ಯಾರೂ ಮಾಡಬಾರದು. ಅದರಲ್ಲಿ ಆಮ್ಲವಿರುತ್ತದೆ, ಅದರ ಕಿಟ್ಟಕ್ಕೆ ತೇವ ತಗುಲಿದರೆ ಆರ್ಸೀನ್ ಎಂಬ ಪ್ರಾಣಾಂತಕ ವಿಷಾನಿಲ ಹುಟ್ಟುವ ಸಾಧ್ಯತೆಯಿದೆ. ಹಳೆಯ ಬ್ಯಾಟರಿ ಹೋಗಬೇಕಾದ್ದು ಅದನ್ನು ಮಾರಿದ ಡೀಲರ್ ಬಳಿಗೆ.

ಅಚ್ಚಿನ 20 ಗ್ರಾಂ ಕುಳಿಯನ್ನು ನಾನು ಬಳಸುವುದನ್ನೇ ಬಿಟ್ಟಿದ್ದೇನೆ. ನೀರುಹಕ್ಕಿಗಳು ನುಂಗಿ ಸಾಯುವುದು ಸಣ್ಣ ಗುಂಡುಗಳಿಂದ. ಹಂಸಗಳ ಸಾವಿನ ಕಾರಣಕ್ಕೆ ಬ್ರಿಟನ್ನಿನಲ್ಲಿ 1987ರಲ್ಲಿ 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ನಮ್ಮ ಜಿಲ್ಲೆಯ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಆಹಾರಕ್ಕೆ ನಂಬಿರುವುದು ಸುತ್ತಲಿನ ಕೆರೆಗಳನ್ನೇ. ಸಣ್ಣ ಗುಂಡಿನ ಅಗತ್ಯವಿದ್ದಲ್ಲಿ ಕಬ್ಬಿಣದ ನಟ್ಟು ಕಟ್ಟಿದರೂ ಕೆಲಸ ನಡೆಯುತ್ತದೆ.

ಹೊಸದಾಗಿ ಮಾಡಿಸುವವರು ಆ 20 ಗ್ರಾಂ ಕುಳಿಯನ್ನು ಬಿಡಿಸಿ, ಅದರ ಜಾಗದಲ್ಲಿ ಇನ್ನೊಂದು 100 ಗ್ರಾಂ ಕುಳಿಯನ್ನು ಕೊರೆಸಿಕೊಳ್ಳಬಹುದು. ಹಿಡಿಗಳು ಕನಿಷ್ಠ ಒಂದು ಗೇಣು ಉದ್ದವಿರಲೆಂದೂ, ತಂತಿಯ ತೋಡು ತಾವು ಬಳಸುವ ತಂತಿಯ ಗೇಜಿಗೇ ಹೊಂದಲೆಂದೂ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಬೇಕು. ತಂತಿಯ ಒಂದು ತುಂಡನ್ನು ಮಾದರಿಗೆ ಕೊಟ್ಟರೆ ಅದನ್ನು ಅಳೆದೇ ಕೊರೆಯುತ್ತಾರೆ. ಮನೆಯಲ್ಲಿ ಎರಕ ಹೊಯ್ಯಲು ಅನುಕೂಲವಿಲ್ಲದವರು ಸೀಸ ತಂದುಕೊಟ್ಟರೆ, ಕೂಲಿ ಪಡೆದು ಗುಂಡುಗಳನ್ನು ಅಲ್ಲಿಯೇ ಹೊಯ್ದುಕೊಡಲೂ ಅವರು ಒಪ್ಪುತ್ತಾರೆ.