ಬೆಳಗಾವಿಯಲ್ಲಿ ಕೊಂಡ ಎನ್‌ಎಡಿ 3020

ಖಡೇಬಜಾರದ ಬಳಿ ಹಳೆಯ ಆಡಿಯೊ ಉಪಕರಣಗಳನ್ನು ದುರಸ್ತಿ ಮಾಡಿ ಮಾರುವ ಸಣ್ಣ ಅಂಗಡಿಯೊಂದರಲ್ಲಿ ಎನ್‌ಎಡಿ ಕಂಪನಿಯ 3020 ಎಂಬ ಈ ಆಂಪ್ಲಿಫೈಯರ್ (ಸ್ಪೀಕರ್‌ಗಳನ್ನು ನುಡಿಸುವಷ್ಟು ಧ್ವನಿ ಸಂಕೇತವನ್ನು ಬಲಪಡಿಸುವ ಉಪಕರಣ) ಕೊಂಡೆ. 1978ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ಶಕ್ತಿ ಚಾನೆಲ್‌ಗೆ 20 ವ್ಯಾಟ್ ಎಂದಷ್ಟೇ ನಮೂದಾಗಿದ್ದರೂ, ಸಾಧಾರಣ ಗಾತ್ರದ ಕೋಣೆಯಲ್ಲಿ ತಂಬೂರಿಯ ನಾದವೂ ಡಗ್ಗಾದ ಗುಂಗೂ ಒಂದರೊಳಗೊಂದು ಕಲಸಿಹೋಗದೆ ತುಂಬಿ ಕೇಳಿಸುತ್ತವೆ.

ಅಂಗಡಿಯವರ ಮೇಲೆ ಗೌರವ ಮೂಡಿದ್ದು ಅವರು ಮುಚ್ಚಳ ಬಿಚ್ಚಿ ತೋರಿಸಿದಾಗ. ವಿದ್ಯುತ್ತನ್ನು ಹಿಡಿದಿಡುವ, ಒಳಗಿನ ದ್ರವ ಬತ್ತಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿದ್ದರು. ಸ್ಪೀಕರ್ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಚ್ಚಿ, ಡಿಸಿ (ಏಕಮುಖ ವಿದ್ಯುತ್) ವೋಲ್ಟೇಜ್ ಸೊನ್ನೆಯ ಸಮೀಪದಲ್ಲೇ ಇರುವುದನ್ನು ನನ್ನೆದುರೇ ಅಳೆದರು. ಅದು ಹೆಚ್ಚಿದ್ದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗಬಹುದಾದ್ದರಿಂದ, ಹಳೆಯ ಆಂಪ್ಲಿಫೈಯರ್ ಕೊಳ್ಳುವವರು ಈ ಪರೀಕ್ಷೆಯನ್ನು ಕೇಳಿಯೇ ಮಾಡಿಸಬೇಕು. ವಾಲ್ಯೂಮ್ ಗುಂಡಿ ತಿರುಗಿಸುವಾಗ ಎಡಬದಿಯಲ್ಲಿ ಇನ್ನೂ ಕರಕರ ಸದ್ದಿದೆ. ಅದನ್ನು ಸ್ವಚ್ಛಗೊಳಿಸಿಕೊಡುವುದಾಗಿ ಒಪ್ಪಿದ್ದಾರೆ. ಆದರೆ ಬದಲಿಸಿದ ಬಿಡಿಭಾಗಗಳನ್ನು ರಸೀದಿಯಲ್ಲಿ ಬರೆದುಕೊಡದಿರುವುದು ಕೊರತೆಯೇ ಸರಿ.